ದೊಡ್ಡಕ್ಕ ಇಳಿಸಬೇಕಾಗಿದ್ದ ಹದಿನೆಂಟು ಕಿಲೋ

ಹದಿನೆಂಟು ಕಿಲೋ ಇಳಿಸಿದರೆ ತಂಗಿ ಬದುಕುತ್ತಾಳೆ, ಇಳಿಸದಿದ್ದರೆ ಇಲ್ಲ. ಡಾಕ್ಟರು ಇಷ್ಟು ಒರಟಾಗಿ ಹೇಳಲಿಲ್ಲ, ಪಾಪ, ಸುತ್ತಿ ಬಳಸಿಯೇ ಹೇಳಿದರು. ಆದರೆ ದೊಡ್ಡಕ್ಕನ ಕಿವಿಗೆ ಬಿದ್ದದ್ದು ಇಷ್ಟೇ.

ದೊಡ್ಡಕ್ಕ ಎನ್ನುವುದು ಬಸ್ ಡಿಪೋದವರು ಇಟ್ಟ ಹೆಸರು. ಡಿಪೋದ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಎಲ್ಲರ ಹೊಟ್ಟೆಯೂ ಅವಳ ಕೈಯಲ್ಲಿ. ಹೆಂಗಸು ಎತ್ತರವಲ್ಲ, ಅಗಲ. ಒಲೆಗೂ ಗೋಡೆಗೂ ನಡುವೆ ಅವಳು ನಿಂತರೆ ಬೆಕ್ಕು ನುಸುಳಲೂ ಜಾಗ ಉಳಿಯುತ್ತಿರಲಿಲ್ಲ. ಯಾರಾದರೂ ಆಡಿಕೊಂಡರೆ, "ನಿಮ್ಮಪ್ಪನ ಗಂಟು ತಿಂದು ಬೆಳೆಸಿದ ಮೈಯಲ್ಲ ಇದು, ತಟ್ಟೆ ತೊಗೊಂಡು ನಡಿ" ಎನ್ನುತ್ತಿದ್ದಳು. ಅವಳ ಬಾಯಿಗೆ ಹೆದರದವರು ಡಿಪೋದಲ್ಲಿ ಒಬ್ಬರೂ ಇರಲಿಲ್ಲ.

ಗಂಡ ಸತ್ತು ಯಾವ ಕಾಲವಾಯಿತೋ. ಮಕ್ಕಳಿಲ್ಲ. ಇದ್ದವಳು ತಂಗಿಯೊಬ್ಬಳೇ. ಅಮ್ಮ ತೀರಿಕೊಂಡಾಗ ತಂಗಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಂದಿನಿಂದ ಅವಳಿಗೆ ತಲೆ ಬಾಚಿ, ಓದಿಸಿ, ಅದೇ ಡಿಪೋದ ಪಾಸ್ ಕೊಡುವ ಕೌಂಟರಿನಲ್ಲಿ ಕೂರಿಸಿದವಳು ದೊಡ್ಡಕ್ಕ. ಡಿಪೋದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ, ಇಬ್ಬರು ಹೆಂಗಸರು, ದಿನಕ್ಕೆ ನಾಲ್ಕು ಜಗಳ. ಹೀಗೆ ಸುಖವಾಗಿ ನಡೆಯುತ್ತಿದ್ದ ಸಂಸಾರದಲ್ಲಿ ತಂಗಿಯ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು, ನೋಡಿದರೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು, ರಕ್ತ ಹೊರಗೆ ಹೋಗಿ ತೊಳೆದು ಬರಬೇಕು. ಉಪ್ಪು ಮುಟ್ಟುವ ಹಾಗಿಲ್ಲ, ನೀರು ಗುಟುಕು ಲೆಕ್ಕ.

ರಕ್ತ ಹೊಂದುತ್ತದೆ ಎಂದು ತಿಳಿದ ದಿನ ದೊಡ್ಡಕ್ಕ ಬಟ್ಟೆ ತುಂಬಿದ ಚೀಲವನ್ನೇ ಆಸ್ಪತ್ರೆಗೆ ತಂದುಬಿಟ್ಟಿದ್ದಳು. ತನ್ನದೊಂದು ಕಿಡ್ನಿ ಕೊಯ್ದು ಕೊಟ್ಟರಾಯಿತು, ಮುಗಿಯಿತು ಎಂಬುದು ಅವಳ ಎಣಿಕೆ. ಡಾಕ್ಟರು ಅವಳನ್ನು ತಕ್ಕಡಿ ಹತ್ತಿಸಿ, ರಕ್ತದ ಚೀಟಿ ನೋಡಿ, ಕನ್ನಡಕ ತೆಗೆದರು.

"ಈ ತೂಕದಲ್ಲಿ ಆಪರೇಷನ್ ಮಾಡಿದ್ರೆ ನಿಮ್ಮ ಜೀವಕ್ಕೇ ಅಪಾಯ. ಸಕ್ಕರೆನೂ ಗಡಿ ಮೇಲೆ ನಿಂತಿದೆ. ಹದಿನೆಂಟು ಕಿಲೋ ಇಳಿಸಿ ಬನ್ನಿ. ದೊಡ್ಡ ಪರೀಕ್ಷೆ ಎಲ್ಲ ಅದಾದ ಮೇಲೇನೇ."

"ಎಷ್ಟು ದಿನದೊಳಗೆ, ಡಾಕ್ಟ್ರೇ?"

"ಆತುರ ಮಾಡಬೇಡಿ. ಆದ್ರೆ ತಡಾನೂ ಮಾಡಬೇಡಿ."

ಇದನ್ನು ಉತ್ತರ ಎನ್ನುತ್ತಾರೆಯೇ? ದೊಡ್ಡಕ್ಕ ಚೀಲ ಎತ್ತಿಕೊಂಡು ಮನೆಗೆ ಬಂದಳು.

ಡಿಪೋಗೆ ಸುದ್ದಿ ಗೊತ್ತಾಗಿದ್ದೇ ತಡ, ಬಾಯಿದ್ದವರೆಲ್ಲ ವೈದ್ಯರಾದರು. ಬಿಸಿನೀರಿಗೆ ನಿಂಬೆ ಹಿಂಡು ಎಂದ ಒಬ್ಬ. ಅನ್ನ ಬಿಡು ಎಂದ ಇನ್ನೊಬ್ಬ. ಹಣ್ಣು ಬಿಟ್ಟು ಬೇರೇನೂ ತಿನ್ನಬೇಡ ಎಂದವಳ ಸೊಂಟ ದೊಡ್ಡಕ್ಕನದ್ದಕ್ಕಿಂತ ಎರಡು ಬೆರಳು ಹೆಚ್ಚೇ ಇತ್ತು. ದೊಡ್ಡಕ್ಕ ಯಾರ ಮಾತನ್ನೂ ತಳ್ಳಿಹಾಕಲಿಲ್ಲ, ಎಲ್ಲವನ್ನೂ ಒಟ್ಟಿಗೆ ಮಾಡಿದಳು. ಬೆಳಿಗ್ಗೆ ಒಂದು ಹಣ್ಣು, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ನಿಂಬೆನೀರು. ಹೊಟ್ಟೆ ಸುಡುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಒಂದು ದಿನ ಅನ್ನದ ಗಂಜಿ ಬಸಿಯುವಾಗ ತಲೆ ತಿರುಗಿ ಪಾತ್ರೆಯ ಮೇಲೇ ಬೀಳುವವಳಿದ್ದಳು. ಇಷ್ಟೆಲ್ಲ ಮಾಡಿ ತಕ್ಕಡಿ ಹತ್ತಿದರೆ ಅದು ಮಿಸುಕಲಿಲ್ಲ. ಮುಂದಿನ ತಿಂಗಳು ಹತ್ತಿದರೆ ಮುಳ್ಳು ಮೇಲಕ್ಕೇ ಹೋಗಿತ್ತು.

ತೂಕ ನೋಡುವ ನರ್ಸು ಪೆನ್ನು ಕೆಳಗಿಟ್ಟಳು. "ನಿಜ ಹೇಳಿ. ಏನ್ ತಿಂತೀರಿ?"

"ಒಂದು ಹಣ್ಣು. ಆಮೇಲೆ ನೀರು."

"ಗಾಳಿ ಕುಡಿದು ಯಾರೂ ದಪ್ಪ ಆಗಲ್ಲಮ್ಮ. ತಂಗಿ ಮೇಲೆ ಆಸೆ ಇದ್ರೆ ಬಾಯಿ ಕಟ್ಟಬೇಕು."

ಬೇರೆ ಯಾರಾದರೂ ಆಗಿದ್ದರೆ ದೊಡ್ಡಕ್ಕ ಅಲ್ಲೇ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಆದರೆ ತಂಗಿಯ ಜೀವ ಇವರ ಕೈಯಲ್ಲಿತ್ತು. ತುಟಿ ಕಚ್ಚಿ ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಿಂತು ಅತ್ತಳು. ಮೈಯೇ ಶತ್ರುವಾದರೆ ಯಾರಿಗೆ ದೂರು ಕೊಡುವುದು? ತಾನೇ ತಂಗಿಯನ್ನು ಕೊಲ್ಲುತ್ತಿದ್ದೇನೆ ಎಂದು ಅವಳಿಗೆ ಅವತ್ತು ನಿಜವಾಗಿಯೂ ಅನ್ನಿಸಿತು.

ಅತ್ತ ತಂಗಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದಳು. ತೋಳಿನ ನರ ಗಂಟುಗಟ್ಟಿ, ಸೂಜಿ ಚುಚ್ಚಲು ಜಾಗ ಹುಡುಕಬೇಕಾಗಿತ್ತು. ಯಂತ್ರದಿಂದ ಎದ್ದು ಬಂದ ಒಂದು ಮಧ್ಯಾಹ್ನ ಮನೆಯವರೆಗೆ ನಡೆಯಲಾರದೆ ಕ್ಯಾಂಟೀನಿನ ಅಡುಗೆಕೋಣೆಯಲ್ಲೇ ಆಲೂಗಡ್ಡೆ ಮೂಟೆಯ ಮೇಲೆ ಕೂತಳು. ಕೆಲಸವಿಲ್ಲದೆ ಕೂತವಳಿಗೆ ಅಕ್ಕನನ್ನು ನೋಡುವುದೇ ಕೆಲಸ. ದೊಡ್ಡಕ್ಕ ಬೇಳೆಯ ಹಂಡೆ ತಿರುವಿದಳು, ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಉಪ್ಪು ಹಾಕಿ ಮತ್ತೆ ನೆಕ್ಕಿದಳು. ಬೆಂದಿದೆಯೇ ಎಂದು ಒಂದು ಆಲೂಗಡ್ಡೆ ಬಾಯಿಗೆಸೆದಳು. ಕರಿದದ್ದು ಗರಿಯಾಗಿದೆಯೇ ಎಂದು ಒಂದು ತುಂಡು ಮುರಿದಳು, ಮುರಿದ ಇನ್ನರ್ಧ ಹಾಳಾಗಬಾರದಲ್ಲ, ಅದೂ ಒಳಗೆ ಹೋಯಿತು. ಚಹಾಕ್ಕೆ ಸಕ್ಕರೆ ಸರಿಯೇ ಎಂದು ಅರ್ಧ ಲೋಟ.

"ಅಕ್ಕಾ, ನೀನು ಆಗ್ಲಿಂದ ತಿಂತಾನೇ ಇದ್ದೀಯ."

"ಹುಚ್ಚಿ, ಬೆಳಿಗ್ಗೆ ಒಂದು ಹಣ್ಣು ತಿಂದಿದ್ದು ಬಿಟ್ರೆ ನನ್ನ ಹೊಟ್ಟೆಗೆ ಒಂದು ಅಗುಳು ಬಿದ್ದಿಲ್ಲ."

"ಮತ್ತೆ ಈಗ ಬಾಯಿಗೆ ಹೋಗಿದ್ದೇನು?"

"ಅದು ರುಚಿ ನೋಡಿದ್ದು ಕಣೆ. ರುಚಿ ನೋಡೋದನ್ನ ಯಾರಾದ್ರೂ ಊಟ ಅಂತಾರಾ?"

ತಂಗಿ ನಗಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ಕೂತಳು. ಅಂಗೈ ಒರೆಸಿಕೊಳ್ಳುತ್ತಿದ್ದ ದೊಡ್ಡಕ್ಕ ಅರ್ಧಕ್ಕೇ ನಿಲ್ಲಿಸಿದಳು. ಜಗತ್ತಿನ ಅಡುಗೆಯವರೆಲ್ಲ ಮಾಡುವ ತಪ್ಪು ಇದು. ಅಂಗೈಗೆ ಬಿದ್ದದ್ದು ಹೊಟ್ಟೆಗೆ ಹೋಗುವುದಿಲ್ಲ ಎಂದುಕೊಂಡಿರುತ್ತಾರೆ. ಹಸಿವು ಕೆರಳಿದಷ್ಟೂ ಅವಳ ಕೈ ಹಂಡೆಗೆ ಹೆಚ್ಚು ಹೆಚ್ಚು ಹೋಗುತ್ತಿತ್ತು, ಅವಳಿಗೇ ತಿಳಿಯದಂತೆ. ಉಪವಾಸ ಮಾಡಿ ಮಾಡಿಯೇ ಅವಳು ಉಬ್ಬಿದ್ದಳು.

ನರ್ಸಿನ ಹತ್ತಿರ ಹೋಗಿ ನಾಚಿಕೆ ಬಿಟ್ಟು ಹೇಳಿಕೊಂಡಳು. ಅವಳೂ ಕೆಟ್ಟವಳಲ್ಲ. "ಸರಿ, ಒಂದೇ ನಿಯಮ. ಬಾಯಿಗೆ ಹೋಗೋದೆಲ್ಲ ಮೊದಲು ತಟ್ಟೆಗೆ ಬರ್ಬೇಕು. ತಟ್ಟೆ ಮುಂದೆ ನೀವು ಕೂತಿರ್ಬೇಕು. ಹೊತ್ತು ಹೊತ್ತಿಗೆ ತಿನ್ನಿ, ಉಪವಾಸ ಬಿಡಿ. ಅರ್ಧ ತಟ್ಟೆ ತರಕಾರಿ, ಸಿಹಿ ಚಹಾ ಬೇಡ. ದಿನಾ ನಡೀರಿ, ಹೊತ್ತಿಗೆ ಸರಿಯಾಗಿ ಮಲಗಿ. ನಿಂತು ತಿಂದಿದ್ದು ಲೆಕ್ಕಕ್ಕೆ ಬರಲ್ಲ ಅಂದ್ಕೊಂಡಿದ್ರಿ, ಅಷ್ಟೇ."

ಹೇಳುವುದು ಸುಲಭ. ದೊಡ್ಡಕ್ಕ ಕೂತು ಉಂಡು ವರ್ಷಗಳಾಗಿದ್ದವು. ಮೊದಲ ದಿನ ಅವಳು ತಟ್ಟೆ ಹಿಡಿದು ಬೆಂಚಿನ ಮೇಲೆ ಕೂತಾಗ ಎದುರಿಗಿದ್ದ ಡ್ರೈವರುಗಳಿಬ್ಬರು ಏನೋ ಆಗಬಾರದ್ದು ಆಯಿತೆಂದು ಎದ್ದು ನಿಂತರು. ಅದಕ್ಕಿಂತ ಕಷ್ಟವಾದದ್ದು ನಾಲಿಗೆಯನ್ನು ಕಟ್ಟಿಹಾಕುವುದು. ಅವಳಿಗಿದ್ದ ಹೆಮ್ಮೆಯೇ ಆ ನಾಲಿಗೆ. ಅದಿಲ್ಲದೆ ಹಂಡೆಯ ಮುಂದೆ ನಿಂತರೆ ಕಣ್ಣು ಕಟ್ಟಿದಂತಾಗುತ್ತಿತ್ತು. ಒಂದು ದಿನ ಬೇಳೆ ಸಪ್ಪೆ, ಮರುದಿನ ಬರೀ ಉಪ್ಪು. ಊಟದ ಸಾಲಿನಲ್ಲಿ ಗೊಣಗಾಟ ಎದ್ದಿತು. ಕ್ಯಾಂಟೀನ್ ಮ್ಯಾನೇಜರು ಬಾಗಿಲಲ್ಲಿ ನಿಂತು, ವಯಸ್ಸಾಯಿತೇನೋ ಎಂದು ಗಾಳಿಗೆ ಹೇಳಿ ಹೋದ.

ಆಗ ಆಪದ್ಬಾಂಧವನಾದವನು ಹಿರಿಯ ಮೆಕ್ಯಾನಿಕ್ಕು. ಊಟದ ಬಗ್ಗೆ ತಕರಾರು ತೆಗೆಯದೆ ಒಂದು ದಿನವೂ ಎದ್ದವನಲ್ಲ. ದೊಡ್ಡಕ್ಕ ಅವನನ್ನೇ ಒಳಗೆ ಕರೆದಳು. "ಇಷ್ಟು ವರ್ಷ ಬೈದ್ಯಲ್ಲ, ಈಗ ಬಾ, ಮೊದಲೇ ಬೈದು ಹೋಗು." ಅವನು ಗ್ರೀಸಿನ ಕೈ ಉಜ್ಜಿ ತೊಳೆದು, ಚಮಚದಲ್ಲಿ ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುವವನ ಹಾಗೆ ನಿಲ್ಲುತ್ತಿದ್ದ. "ಉಪ್ಪು ಸಡ್ಲ ಇದೆ. ಇನ್ನರ್ಧ ಸುತ್ತು ಬಿಗಿ ಮಾಡು." ಹೀಗೆ ಡಿಪೋದ ಊಟ ದಾರಿಗೆ ಬಂತು.

ಬಸ್ಸುಗಳು ಹೊರಡುವ ಮೊದಲು, ಸಾಲಾಗಿ ನಿಂತ ಅವುಗಳ ಸುತ್ತ ಅವಳು ನಡೆಯತೊಡಗಿದಳು. ಮೊದಮೊದಲು ಮೊದಲ ಸಾಲು ಮುಗಿಯುವಷ್ಟರಲ್ಲಿ ಏದುಸಿರು, ತೊಡೆ ಉಜ್ಜಿ ಉರಿ. ಕ್ಲೀನರುಗಳು "ದೊಡ್ಡಕ್ಕ, ಯಾವ ರೂಟು?" ಎಂದರೆ "ನಿಮ್ಮ ತಾತನ ಮನೆಗೆ" ಎನ್ನಲೂ ಉಸಿರು ಇರುತ್ತಿರಲಿಲ್ಲ. ಆದರೆ ಮುಳ್ಳು ಇಳಿಯಿತು. ಒಂದು ಕಿಲೋ, ಮತ್ತೊಂದು ಕಿಲೋ. ಮಂಡಿನೋವು ಹೋಯಿತು, ನಿದ್ದೆ ಬಂತು. ಅದೇ ಅವಳಿಗೆ ಸಂಕಟ. ಪಕ್ಕದ ಹಾಸಿಗೆಯಲ್ಲಿ ತಂಗಿ ಉಸಿರಿಗೆ ಒದ್ದಾಡುತ್ತಿರುವಾಗ ತನ್ನ ಮೈ ಹಗುರಾಗಿ ಖುಷಿಪಡುತ್ತಿದೆಯಲ್ಲ ಎಂದು ತನ್ನ ಮೇಲೇ ಅಸಹ್ಯಪಟ್ಟಳು.

ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ಒಂದು ದಿನ ತಂಗಿ ಯಂತ್ರದ ಮೇಲೇ ಎಚ್ಚರ ತಪ್ಪಿದಳು. ಎದೆ ಒತ್ತಿ ಎಬ್ಬಿಸಬೇಕಾಯಿತು. ದೊಡ್ಡಕ್ಕ ಅಲ್ಲಿಂದ ನೇರ ಕ್ಯಾಂಟೀನಿಗೆ ಬಂದು, ಬಾಗಿಲು ಹಾಕಿ, ಹಂಡೆಯ ಮುಂದೆ ನಿಂತು ತಣ್ಣಗಿನ ಅನ್ನವನ್ನು ಕೈಯಿಂದ ಬಾಚಿ ಬಾಚಿ ನುಂಗಿದಳು. ಹಸಿವಲ್ಲ ಅದು, ಭಯ. ನುಂಗಿ ಮುಗಿದ ಮೇಲೆ ಅಲ್ಲೇ ನೆಲಕ್ಕೆ ಕುಸಿದು, "ಅವಳು ಹೋದ್ರೆ ನಾನೇನ್ ಮಾಡ್ಲಿ" ಎಂದು ಗೋಡೆಯನ್ನು ಕೇಳಿದಳು. ಮರುದಿನ ಎದ್ದು ಮತ್ತೆ ನಡೆದಳು.

ಹದಿನೆಂಟನೆಯ ಕಿಲೋ ಇಳಿದ ದಿನ ನರ್ಸು ಅವಳ ಕೈ ಹಿಡಿದುಕೊಂಡಳು. ದೊಡ್ಡ ಪರೀಕ್ಷೆಗಳಾದವು, ದೊಡ್ಡ ಯಂತ್ರದೊಳಗೆ ಮಲಗಿಸಿದರು. ಡಾಕ್ಟರು ಅಕ್ಕತಂಗಿ ಇಬ್ಬರನ್ನೂ ಕೂರಿಸಿಕೊಂಡರು. ಮತ್ತೆ ಕನ್ನಡಕ ತೆಗೆದರು.

"ನಿಮ್ಮ ಎರಡು ಕಿಡ್ನಿಲಿ ಒಂದು ಹೆಸರಿಗೆ ಮಾತ್ರ ಇದೆ. ಕೆಲಸ ಎಲ್ಲ ಇನ್ನೊಂದೇ ಮಾಡ್ತಿದೆ. ಹುಟ್ಟಿನಿಂದ್ಲೇ ಹಾಗಿರ್ಬೇಕು. ಅದನ್ನ ತೆಗೆಯೋ ಹಾಗಿಲ್ಲ."

"ಕೆಲಸ ಮಾಡೋದನ್ನೇ ಇವಳಿಗೆ ಕೊಡಿ."

"ಆಗಲ್ಲಮ್ಮ. ನೀವು ಸಾಯ್ತೀರಿ."

"ಅದನ್ನ ಮೊದಲೇ ನೋಡೋಕೆ ನಿಮಗೇನಾಗಿತ್ತು?"

"ಸಣ್ಣ ಪರೀಕ್ಷೇಲಿ ಗೊತ್ತಾಗ್ಲಿಲ್ಲ. ತಂಗಿ ಹೆಸರನ್ನ ಕಿಡ್ನಿಗೆ ಕಾಯೋರ ಸಾಲಿಗೆ ಹಾಕಿದ್ದೀವಿ, ಸತ್ತವರದ್ದು ಯಾರದ್ದಾದ್ರೂ ಹೊಂದಬಹುದು. ಆದ್ರೆ ಒಂದು ಮಾತು. ನೀವು ಮೊದಲಿನ ತೂಕ, ಮೊದಲಿನ ಸಕ್ಕರೆ ಇಟ್ಕೊಂಡಿದ್ರೆ ಆ ಒಂದು ಕಿಡ್ನಿನೂ ಹೆಚ್ಚು ಕಾಲ ತಡೀತಿರ್ಲಿಲ್ಲ. ನಿಮ್ಮನ್ನ ನೀವು ಉಳಿಸ್ಕೊಂಡಿದ್ದೀರಿ."

"ನನ್ನನ್ನ ಉಳಿಸ್ಕೊಳ್ಳೋಕೆ ಯಾರು ಬಂದಿದ್ರು ಇಲ್ಲಿ?" ಎಂದಳು ದೊಡ್ಡಕ್ಕ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಡೆದದ್ದು, ಕೂತು ಉಂಡದ್ದು, ನಾಲಿಗೆ ಕಟ್ಟಿದ್ದು ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ತಂಗಿ ಗೋಡೆ ಹಿಡಿದು ನಿಧಾನವಾಗಿ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು.

"ಏಳು. ಬಸ್ ಬಿಡೋ ಹೊತ್ತಾಯ್ತು, ಎಲ್ಲ ಒಟ್ಟಿಗೆ ಹೊರಟ್ರೆ ನಡೆಯೋಕೆ ಜಾಗ ಇರಲ್ಲ."

"ಇನ್ಯಾರಿಗೋಸ್ಕರ ನಡೀಲಿ?"

"ನನಗೋಸ್ಕರ. ವಾರಕ್ಕೆ ಮೂರು ಸಲ ನನ್ನನ್ನ ಎತ್ಕೊಂಡು ಹೋಗೋರು ಬೇರೆ ಯಾರಿದ್ದಾರೆ? ನೀನು ದಪ್ಪ ಆಗಿ, ನಿನ್ನ ಕಿಡ್ನಿನೂ ಹೋಗಿ, ಪಕ್ಕದ ಹಾಸಿಗೇಲಿ ಬಂದು ಮಲಗಿದ್ರೆ ನನ್ನ ಗತಿ ಏನು? ನಾನು ಇರೋವರೆಗೂ ನೀನು ಗಟ್ಟಿಯಾಗಿರ್ಬೇಕು."

ದೊಡ್ಡಕ್ಕ ತಿರುಗಿ ಅವಳ ಮುಖ ನೋಡಿದಳು. "ನೀನು ಹೋದ ಮೇಲೆ?"

ತಂಗಿ ಅಕ್ಕನ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಆಮೇಲೆ ನಿನ್ನಿಷ್ಟ," ಎಂದಳು. "ಏನ್ ಬೇಕಾದ್ರೂ ತಿನ್ಕೋ."

ದೊಡ್ಡಕ್ಕ ಅವಳ ಮಡಿಲಲ್ಲಿ ತಲೆಯಿಟ್ಟು ಗೋಳೋ ಎಂದು ಅತ್ತಳು, ಮೊದಲ ಬಸ್ಸು ಶುರುವಾಗುವವರೆಗೂ ಅತ್ತಳು. ಆಮೇಲೆ ಎದ್ದು ಮುಖ ತೊಳೆದು, ಚಪ್ಪಲಿ ಮೆಟ್ಟಿಕೊಂಡು ನಡೆಯಲು ಹೋದಳು.