ಜೌಗಿನ ನೀರು ಎತ್ತ ನಡೆಯುತ್ತದೆ

ಯಗಚಿ ಹೊಳೆ ಬೇಲೂರಿನ ಕೆಳಗೆ ಕಾಲು ಚಾಚಿಕೊಂಡು ದೊಡ್ಡ ಜೌಗಾಗಿ ಹರಡಿದ್ದ ಕಾಲ ಅದು. ಮಳೆಗಾಲ ಮುಗಿದರೆ ಊರಿಗೆಲ್ಲ ಹಸಿ ಜೊಂಡಿನ ವಾಸನೆ. ನನ್ನ ಸೋದರತ್ತೆ ನಿಂಗಮ್ಮ ಆ ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದಳು. ಚಾಪೆ ಕೊಟ್ಟು ರಾಗಿ ತರುತ್ತಿದ್ದಳು. ಅವಳ ಒಲೆ ಉರಿಯುತ್ತಿದ್ದುದೇ ಆ ಜೌಗಿನಿಂದ.

ಅವಳು ಕೊಯ್ಯುವಾಗ ನಾನು ದಡದಲ್ಲಿ ಹುಚ್ಚೆಳ್ಳು ಚಟ್ನಿ ಹಚ್ಚಿದ ರೊಟ್ಟಿ ತಿನ್ನುತ್ತ ತೆಂಗಿನ ಕರಟ ತೇಲಿಬಿಡುತ್ತಿದ್ದೆ. ನಿಂತ ನೀರಿನಲ್ಲಿ ಕರಟ ಯಾಕೆ ಸರಿಯುತ್ತದೆ ಅಂತ ಕೇಳಿದ್ದಕ್ಕೆ ಅತ್ತೆ, "ನಿಂತೈತೆ ಅಂತ ನೀನಂದ್ಕೊಂಡಿದ್ದೀಯ. ನೀರು ನಡೀತಾ ಐತೆ ಕಣೇ" ಅಂದಳು. ಎಲ್ಲಿಗೆ? ನನಗೆ ಅದೇ ಹುಚ್ಚು ಹಿಡಿಯಿತು. ದಿನವೂ ಕರಟಗಳ ಹಿಂದೆ ನಡೆದೆ. ಎಲ್ಲಿ ಬಿಟ್ಟರೂ ಅವು ಒಂದು ಹೊಂಗೆಮರದ ಬುಡಕ್ಕೇ ಬಂದು ಸೇರುತ್ತಿದ್ದವು. ಜೌಗಿನ ನೀರು ಹೊಳೆಗೆ ಜಾರುವ ಬಾಯಿ ಅದು.

ಅದೇ ವಾರ ಜೌಗು ಬಸಿದು ಶುಂಠಿ ಹಾಕಬೇಕೆಂದು ಕೆಲವರು ಬಂದರು. ಕಾಲುವೆ ಎಲ್ಲಿ ತೋಡಬೇಕೋ ತಿಳಿಯದೆ ಕೋಲು ಚುಚ್ಚುತ್ತ ಓಡಾಡಿದರು. ನನಗೆ ಗೊತ್ತು ಎಂದೆ. ಒಬ್ಬ ಪೆಪ್ಪರಮೆಂಟು ಚಾಚಿದ. ಒಂದಕ್ಕೆ ಆಗುವುದಿಲ್ಲ ಎಂದೆ. ನಾಲ್ಕಕ್ಕೆ ಕುದುರಿತು. ನನ್ನ ಮೊದಲ ವ್ಯಾಪಾರ, ಗೆದ್ದೆನೆಂದು ಕುಣಿದೆ. ಈಗ ಬೇಲೂರಿನಲ್ಲಿ ಸ್ವಂತ ಅಂಗಡಿ ಕಟ್ಟಿಕೊಂಡವಳಾಗಿ ಹೇಳುತ್ತೇನೆ, ಕೇಳಿ: ಕೊಳ್ಳುವವನು ತೀರ ಬೇಗ ಒಪ್ಪಿದರೆ, ನೀವು ಮಾರುತ್ತಿರುವುದು ಏನೆಂದು ಇನ್ನೊಮ್ಮೆ ನೋಡಿಕೊಳ್ಳಿ.

ಹೊಂಗೆಮರದ ಬುಡದಲ್ಲೇ ಅವರು ಕಾಲುವೆ ತೋಡಿದರು. ಬೇಸಿಗೆಗೆ ಜೌಗು ಬಿರುಕುಬಿಟ್ಟಿತು. ಬಾಯಿ ತೋರಿಸಿದವಳು ನಾನೇ ಎಂದು ತಿಳಿದಾಗಲೂ ಅತ್ತೆ ಬೈಯಲಿಲ್ಲ. "ನಾಲ್ಕೂ ನೀನೇ ತಿಂದ್ಯಾ? ನಂಗೊಂದು ಇಟ್ಟಿದ್ರೆ ಆಗ್ತಿತ್ತು" ಎಂದಳು. ಆಮೇಲೆ ಆ ಶುಂಠಿ ಹೊಲಕ್ಕೇ ಕೂಲಿಗೆ ಹೋದಳು, ಕೈಲಾಗುವವರೆಗೂ.

ಅವಳು ತೀರಿಹೋದ ಎಷ್ಟೋ ವರ್ಷಕ್ಕೆ ಶುಂಠಿಗೆ ಕೊಳೆರೋಗ ಬಂತು, ಸುತ್ತಲ ಬಾವಿಗಳು ಒಣಗಿದವು. ಕೊನೆಗೆ ಊರವರೇ ಕಾಲುವೆಗೆ ಮಣ್ಣು ತುಂಬಿದರು. ಎರಡು ಮಳೆಗಾಲಕ್ಕೆ ನೀರು ನಿಂತಿತು. ನೀರುಕೋಳಿಗಳು ಬಂದವು, ಜೊಂಡು ಆಳೆತ್ತರ ಎದ್ದಿತು. ಒಂದು ಚಾಪೆಯಾದರೂ ಹೆಣೆಯೋಣವೆಂದು ಮೊನ್ನೆ ಕುಡುಗೋಲು ಹಿಡಿದು ಇಳಿದೆ. ಕೊಯ್ಯುವ ಮುಂಚೆ ಅತ್ತೆ ಒಂದು ದಂಟು ಕಚ್ಚಿ ನೋಡಿ, ಬಲಿತಿದೆಯೋ ಇಲ್ಲವೋ ಹೇಳುತ್ತಿದ್ದಳು. ನಾನೂ ಕಚ್ಚಿದೆ. ಒಗರು. ಬಲಿತದ್ದು ಒಗರೋ, ಎಳೆಯದು ಒಗರೋ? ಕಂಡಕಂಡದ್ದಕ್ಕೆಲ್ಲ ಪ್ರಶ್ನೆ ಹಾಕಿ ಅವಳ ತಲೆ ತಿಂದವಳು ಇದೊಂದನ್ನು ಕೇಳಿರಲಿಲ್ಲ. ಇನ್ನೊಂದು ದಂಟು ಕಚ್ಚಿದೆ, ಮತ್ತೊಂದು. ಕೊಯ್ಯದೆ ದಡ ಹತ್ತಿದೆ.