ಉಪ್ಪಿನಕಾಯಿ ಗೂಡಿನಲ್ಲಿ ಇಟಲಿ

ನಮ್ಮವ್ವ ಸೊಸೆಯ ಬಾಟಲಿಯನ್ನು ಬೇಕೆಂದೇ ಮುಚ್ಚಿಟ್ಟಳು ಎಂಬುದು ಹನುಮಸಾಗರದ ನಮ್ಮ ಓಣಿಯಲ್ಲಿ ಚಾಲ್ತಿಯಲ್ಲಿರುವ ಕಥೆ. ಚಿಗವ್ವ ಇದನ್ನು ಹೇಳಿ ಮುಗಿಸುವಾಗ "ಅತ್ತಿ-ಸೊಸಿ ಅಂದ್ರ ಎಣ್ಣಿ-ಸೀಗಿಕಾಯಿ ಇದ್ದಂಗ ನೋಡ್ರಿ" ಎಂದು ಮುದ್ರೆ ಒತ್ತುತ್ತಾಳೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದವರ ಗಾದೆಗಳನ್ನು ಕೇಳಿ ಕೇಳಿ ಬೇಸತ್ತವಳು ನಾನು. ಗಾದೆ ಸಾಕ್ಷಿಯಲ್ಲ. ಆದ್ದರಿಂದ ಈ ಖಟ್ಲೆಯನ್ನು ನಿಮ್ಮ ಮುಂದೆ ಮರುವಿಚಾರಣೆಗೆ ಇಡುತ್ತಿದ್ದೇನೆ.

ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ಮರಳಿ ಎಂಬ ಊರಿನವಳು. ಗಂಗಾವತಿ ಕಡೆಯ ಭತ್ತದ ಸೀಮೆಯಲ್ಲಿ ಅನ್ನ ಉಂಡು ಬೆಳೆದವಳನ್ನು ಜೋಳದ ರೊಟ್ಟಿಯ ಮನೆ ತುಂಬಿಸಿಕೊಂಡರೆ ಏನಾಗಬೇಕೋ ಅದೇ ಆಯಿತು. ಅವಳು ಬಡಿದ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ನಡುವೆ ದಪ್ಪ. "ಇರ್ಲಿ ತಗೋವಾ, ಹೊಟ್ಟಿಗೇನು ಕಣ್ಣದಾವೇನು?" ಎಂದು ಅವ್ವ ಸಮಾಧಾನ ಹೇಳುತ್ತಾಳೆ. ಆ ಸಮಾಧಾನದೊಳಗೂ ಒಂದು ಹೋಲಿಕೆ ಕೂತಿದೆಯೆಂದು ವೈನಿಗೆ ಗೊತ್ತು. ಯಾರ ಕೈರುಚಿಯ ಜೊತೆಗೂ ತೂಗಲಾಗದ ಒಂದಾದರೂ ಅಡುಗೆ ಈ ಮನೆಯಲ್ಲಿ ತನ್ನದಾಗಬೇಕೆಂದು ಅವಳು ಮೊಬೈಲಿನಲ್ಲಿ ಹುಡುಕಿದಳು. ಸಿಕ್ಕಿದ್ದು ಇಟಲಿಯವರು ಹಸಿ ತರಕಾರಿಯ ಮೇಲೆ ಸುರಿದುಕೊಳ್ಳುವ ಸಲಾಡ್ ಡ್ರೆಸ್ಸಿಂಗ್.

ಅವರ ಆಲಿವ್ ಎಣ್ಣೆಯ ಜಾಗಕ್ಕೆ ಗಾಣದ ಕುಸುಬಿ ಎಣ್ಣೆ ಬಂತು, ವಿನೆಗರಿನ ಜಾಗಕ್ಕೆ ಲಿಂಬೆಹುಳಿ. ಕುಟ್ಟಿದ ಮೆಣಸು, ಉಪ್ಪು, ಚೂರು ಬೆಲ್ಲ. ಒರೆಗಾನೊ ಎಂಬ ಒಣಸೊಪ್ಪಿನ ಪುಡಿ ಮಾತ್ರ ಅಸಲಿ: ಗಂಗಾವತಿಯಲ್ಲಿ ಪಿಜ್ಜಾ ತಿಂದಾಗಲೆಲ್ಲ ಕೊಡುವ ಪುಟ್ಟ ಪಾಕೀಟುಗಳನ್ನು ಅಣ್ಣ ಫ್ರಿಜ್ಜಿನ ಬಾಗಿಲಲ್ಲಿ ಕೂಡಿಹಾಕಿದ್ದ. ನಾನು ಆಕ್ಷೇಪ ಎತ್ತಿದೆ. ಹಕ್ಕರಕಿ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಗೆ ಸುತ್ತಿ, ಗುರೆಳ್ಳು ಚಟ್ನಿಪುಡಿಗೆ ಹಸಿ ಎಣ್ಣೆ ಕಲಸಿ ಹಚ್ಚಿಕೊಂಡು ತಿನ್ನುವ ನಮಗೆ ಇಟಲಿ ಕಲಿಸುವುದೇನಿದೆ?

"ಏನೂ ಇಲ್ರಿ ವಕೀಲರ. ಬಾಟ್ಲಿ ಹಿಡದು ಅಲುಗಾಡಿಸ್ರಿ, ಅಷ್ಟ ಸಾಕು," ಎಂದಳು ವೈನಿ.

ಅಲುಗಾಡಿಸಿದೆ. ಎಣ್ಣೆಯೂ ಹುಳಿಯೂ ಕೂಡಿ ಮಜ್ಜಿಗೆಯಂತೆ ಮಂದವಾದವು. ಅದು ಸವತೆಕಾಯಿಯ ಮೇಲೆ ಬಿದ್ದಾಗ, ನನ್ನ ವಾದ ಸೋತದ್ದನ್ನು ನನಗಿಂತ ಮೊದಲು ನನ್ನ ನಾಲಿಗೆ ಒಪ್ಪಿಕೊಂಡಿತು. ಅವ್ವ ಒಂದು ಹೋಳು ಬಾಯಿಗಿಟ್ಟು "ಹ್ಞೂಂ" ಅಂದಳು. ಅವ್ವನ ಹ್ಞೂಂಗೆ ಇನ್ನೂ ಯಾರೂ ನಿಘಂಟು ಬರೆದಿಲ್ಲ.

ಮರುದಿನ ಬಾಟಲಿ ಮಾಯ. ವೈನಿ ಯಾರನ್ನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಎಮ್ಮೆಯ ಮುಸುರೆ ಬಾನಿಯೊಳಗೆ ಇಣುಕಿದಳು. ಅವ್ವನಿಗೆ ಸೇರದ ಅಡುಗೆ ಕೊನೆಗೆ ಮುಟ್ಟುವುದು ಅಲ್ಲಿಗೇ. ಅವಳ ಕಣ್ಣು ಕೆಂಪಗಿದ್ದವು. "ಇನ್ನ ಹೊಸಾದು ಏನೂ ಮಾಡೂದಿಲ್ಲ ಬಿಡವಾ ನಾ," ಅಂದಳು. ಚಿಗವ್ವನ ಕಥೆ ಇಲ್ಲಿಗೇ ನಿಲ್ಲುತ್ತದೆ. ನಾನು ನಿಲ್ಲಲಿಲ್ಲ, ಹುಡುಕಿದೆ.

ಬಾಟಲಿ ಸಿಕ್ಕಿದ್ದು ಉಪ್ಪಿನಕಾಯಿ ಭರಣಿಗಳ ಗೂಡಿನಲ್ಲಿ. ಆ ಗೂಡಿಗೆ ಅಪ್ಪನ ಕೈಯೂ ತಾಗುವಂತಿಲ್ಲ. ಹುಳಿ ಕೆಳಗಿಳಿದು ಎಣ್ಣೆ ಮೇಲೆ ನಿಂತದ್ದನ್ನು ಕಂಡ ಅವ್ವ ಇನ್ನೊಂದು ಸೌಟು ಎಣ್ಣೆ ಸುರಿದು, ಬಾಯಿಗೆ ಬಿಳಿ ಅರಿವೆ ಕಟ್ಟಿ ಭದ್ರ ಮಾಡಿದ್ದಳು. ನಾನು ಎತ್ತಿ ಅಲುಗಾಡಿಸಲು ಹೋದೆ.

"ಏ, ಕೈ ತಗಿ! ಎಣ್ಣಿ ಮ್ಯಾಲ ನಿಂತೈತಿ, ಕದಡಿದ್ರ ಕೆಡತೈತಿ. ಮಾಗ್ಲಿ ಅದು."

"ಅದು ಉಪ್ಪಿನಕಾಯಿ ಅಲ್ಲಬೇ ಅವ್ವಾ!"

"ಉಪ್ಪೈತಿ, ಹುಳಿ ಐತಿ, ಎಣ್ಣಿ ಐತಿ. ಮತ್ತೇನದು, ಪಾಯಸಾ?"

ಸ್ಪರ್ಧೆಯಲ್ಲಿ ಇಂಥ ಪ್ರಶ್ನೆ ಬಂದರೆ ನೀರು ಕುಡಿಯುವ ನೆಪ ಮಾಡಬೇಕು. ಬಾಗಿಲಲ್ಲಿ ನಿಂತಿದ್ದ ವೈನಿ ನಕ್ಕಳು. ನಕ್ಕಳು ನಿಜ, ಆದರೆ ಅವಳು ಕಾಯುತ್ತಿದ್ದ ಮಾತು ಇನ್ನೂ ಬಂದಿರಲಿಲ್ಲ.

ಹೀಗಾಗಿ ಚಿಗವ್ವನ ಆರೋಪ ವಜಾ. ಎಣ್ಣೆ ಮತ್ತು ಹುಳಿಯಲ್ಲಿ ಅತ್ತೆ-ಸೊಸೆಯರನ್ನು ಕಾಣುವ ಆಸೆ ನನಗೂ ಆಗುತ್ತದೆ. ಆದರೆ ಗಾದೆ ಸಾಕ್ಷಿಯಲ್ಲ ಎಂದವಳು ಹೋಲಿಕೆಯನ್ನು ಸಾಕ್ಷಿ ಅನ್ನಬಾರದು. ಕಂಡಷ್ಟೇ ಹೇಳುತ್ತೇನೆ. ಈಗ ನಮ್ಮ ಮನೆಯಲ್ಲಿ ಒಬ್ಬಳು ಅಲುಗಾಡಿಸಿ ಬಡಿಸುತ್ತಾಳೆ, ಇನ್ನೊಬ್ಬಳು ಉಳಿದದ್ದಕ್ಕೆ ಅರಿವೆ ಕಟ್ಟಿ ಗೂಡಿಗೇರಿಸುತ್ತಾಳೆ. ಇವತ್ತು ಮಧ್ಯಾಹ್ನವೂ ಅವ್ವ ಹಕ್ಕರಕಿಯ ಮೇಲೆ ಅದನ್ನು ಸುರಿದುಕೊಂಡು, ಅಂಚು ಸೀಳಿದ ರೊಟ್ಟಿಯಿಂದ ತಾಟು ಒರೆಸಿ ಒರೆಸಿ ಉಂಡಳು. ಬಡಿಸುತ್ತಿದ್ದ ವೈನಿ ಅವಳ ಮುಖವನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ನಿನ್ನ ಗೂಡಿನ್ಯಾಗ ಆಕಿ ಬಾಟ್ಲಿಗೆ ಜಾಗಾ ಸಿಗತೈತಿ. 'ಛಲೋ ಮಾಡೀಯವಾ' ಅಂತ ಒಂದ ಮಾತ ಹೇಳಾಕ ನಿನಗ್ಯಾಕ ಬಾಯಿ ಬರೂದಿಲ್ಲ?"