ಆಶ್ಲಿಯ ಐದಿಂಚಿನ ರೈಲು

ಶಂಕರಪುರದ ಆಶ್ಲಿಯ ಹಿತ್ತಲಿನಲ್ಲಿ ರೈಲು ಓಡುತ್ತದೆ ಎಂದರೆ ಉಡುಪಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಬಾವಿಯನ್ನು ಸುತ್ತಿ, ಮಲ್ಲಿಗೆ ಗಿಡಗಳ ನಡುವೆ ನುಸುಳಿ ಮರಳುವ ಹಳಿ. ಎರಡು ಕಂಬಿಗಳ ನಡುವೆ ಐದೇ ಇಂಚು. ಮೊಣಕಾಲೆತ್ತರದ ಇಂಜಿನ್. ಆದರೆ ಆಟಿಕೆಯಲ್ಲ. ಒಳಗೆ ನಿಜವಾದ ಕಲ್ಲಿದ್ದಲು ಉರಿಯಬೇಕು, ತಾಮ್ರದ ಬಾಯ್ಲರಿನಲ್ಲಿ ನೀರು ಕುದಿಯಬೇಕು. ಹಿಂದಿನ ಗಾಡಿಯ ಮೇಲೆ ಕುದುರೆ ಸವಾರಿಯ ಹಾಗೆ ಕೂತರೆ ಮೂವರನ್ನು ಎಳೆದುಕೊಂಡು ಹೋಗುತ್ತಿತ್ತು.

ಆಶ್ಲಿ ಇಪ್ಪತ್ತಾರು ವರ್ಷ ಹಡಗಿನಲ್ಲಿ ಫಿಟ್ಟರ್ ಆಗಿದ್ದವನು. ಹಡಗು ರಿಪೇರಿಗೆಂದು ಜಪಾನಿನಲ್ಲಿ ನಿಂತಾಗ ಮುಖ್ಯ ಇಂಜಿನಿಯರ್ ನಕಾಜಿಮಾ ಅವನನ್ನು ಮನೆಗೆ ಕರೆದು, ಹಿತ್ತಲಿನಲ್ಲಿ ತಾವೇ ಕಟ್ಟಿದ ಉಗಿಬಂಡಿಯ ಮೇಲೆ ಕೂರಿಸಿದ್ದರು. ಹೊರಡುವ ಮೊದಲು ಅವರು ಒಂದೊಂದನ್ನೇ ಬೆರಳಿನಿಂದ ತೋರಿಸಿ ಗಟ್ಟಿಯಾಗಿ ಹೇಳುತ್ತಿದ್ದರು: ನೀರು ಸರಿ, ಒತ್ತಡ ಸರಿ, ದಾರಿ ಸರಿ. ಅಲ್ಲಿನ ರೈಲಿನವರ ಕ್ರಮ ಅದು. ಕಣ್ಣು ಮರೆತದ್ದನ್ನು ಬೆರಳು ಹಿಡಿಯುತ್ತದಂತೆ. ಊರಿಗೆ ಮರಳಿದ ಆಶ್ಲಿ ನಾಲ್ಕು ವರ್ಷ ಕೂತು ತನ್ನ ಇಂಜಿನ್ ಕಟ್ಟಿದ. ಆ ಕ್ರಮವನ್ನೂ ಬಿಡಲಿಲ್ಲ.

ಕೈಕೊಟ್ಟದ್ದು ಕಣ್ಣು. ಮೊದಲು ಬದಿಯಲ್ಲಿದ್ದವರು ಕಾಣದಾದರು. ಕಾಪು ಪೇಟೆಯಲ್ಲಿ ರಸ್ತೆ ದಾಟುವಾಗ, ಹಾರನ್ ಕಿವಿಗೆ ಅಪ್ಪಳಿಸಿದ ಮೇಲೆಯೇ ಬಸ್ಸು ಬಂದದ್ದು ಗೊತ್ತಾಗುತ್ತಿತ್ತು. ನಂತರ ಎಡಗಣ್ಣಿನ ಮುಂದೆ ಮಂಜು ಕೂತಿತು. ಹೆಂಡತಿ ಗ್ಲ್ಯಾಡಿಸ್ ಕೇಳಿದರೆ "ಕನ್ನಡಕದ ನಂಬರ್ ಬದಲಾಗಿದೆ" ಎನ್ನುತ್ತಿದ್ದ. ಅವನ ಅಪ್ಪ ಕೊನೆಯ ಒಂಬತ್ತು ವರ್ಷ ಗೋಡೆ ತಡವಿಕೊಂಡು ನಡೆದಿದ್ದರು. ಡಾಕ್ಟರ ಬಾಯಿಂದ ಆ ಮಾತು ಕೇಳುವ ಧೈರ್ಯ ಅವನಿಗಿರಲಿಲ್ಲ.

ಕಳೆದ ಫೆಬ್ರವರಿಯ ಒಂದು ಆದಿತ್ಯವಾರ, ಇಗರ್ಜಿಯಿಂದ ಬಂದ ಮೇಲೆ ಇಂಜಿನಿಗೆ ಬೆಂಕಿ ಹಾಕಿದ.

"ಇವತ್ತು ನೀನೇ ಓಡಿಸು" ಎಂದ ಗ್ಲ್ಯಾಡಿಸಳಿಗೆ.

"ನನಗೆ ಎಂತ ಗೊತ್ತುಂಟು?"

"ನಾನು ಪಕ್ಕದಲ್ಲೇ ನಡೆಯುತ್ತೇನೆ ಮಾರಾಯ್ತಿ."

ಹಿಂದಿನ ವಾರ ತಿರುವಿನಲ್ಲಿ ಹಳಿಯೇ ಕಾಣದೆ ಅವನು ಬೆವತು ಹೋಗಿದ್ದ. ಅದನ್ನು ಹೇಳಲಿಲ್ಲ.

ಎರಡು ಸುತ್ತು ಚೆನ್ನಾಗಿಯೇ ಆಯಿತು. ಗ್ಲ್ಯಾಡಿಸ್ ನಗುತ್ತಿದ್ದಳು. ಮೂರನೆಯ ಸುತ್ತಿಗೆ ಮೊದಲು ಅವಳು ಕೇಳಿದಳು, "ನೀರು ಉಂಟಲ್ವಾ?"

ಆಶ್ಲಿ ಬಗ್ಗಿದ. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ ಪೆನ್ಸಿಲಿನಷ್ಟು ದಪ್ಪ. ಪೂರ್ತಿ ತುಂಬಿದ್ದರೂ, ಪೂರ್ತಿ ಬತ್ತಿದ್ದರೂ ನೋಡುವುದಕ್ಕೆ ಒಂದೇ ಥರ. ಅವನಿಗೆ ಕಂಡದ್ದು ಬರೀ ಹೊಳಪು. ಬೆರಳು ಚಾಚಿ ಗಟ್ಟಿಯಾಗಿ ಹೇಳಿದ: "ನೀರು ಸರಿ!"

ಬಾವಿಯ ಹತ್ತಿರ ಅವಳು ಕಲ್ಲಿದ್ದಲು ಹಾಕಲು ಬೆಂಕಿಗೂಡಿನ ಬಾಗಿಲು ತೆರೆದಳು. ನೀರು ಬತ್ತಿ ಬಾಯ್ಲರ್ ಕಾದರೆ, ಅದು ಸಿಡಿಯುವ ಮುಂಚೆ ಕರಗಿ ಉಗಿಯನ್ನು ಬೆಂಕಿಯ ಮೇಲೆ ಬಿಡಲೆಂದೇ ಒಳಗೆ ಸೀಸದ ಬಿರಡೆಯೊಂದು ಇರುತ್ತದೆ. ಅದು ಕರಗಿತು. ಉಗಿ ಭೋರ್ ಎಂದು ತೆರೆದ ಬಾಗಿಲಿನಿಂದ ಅವಳ ಬಲಗೈಯ ಮೇಲೆ ನುಗ್ಗಿತು.

ಪಕ್ಕದ ಮನೆಯ ಬರ್ತಾ ಕೂಗು ಕೇಳಿ ಓಡಿ ಬಂದವಳು ರಿಕ್ಷಾ ಕರೆಸಿದಳು. ಮಣಿಪಾಲಕ್ಕೆ ಹೋಗುವ ದಾರಿಯುದ್ದಕ್ಕೂ ಆಶ್ಲಿ ಅವಳ ಕೈಗೆ ಒದ್ದೆ ಬಟ್ಟೆ ಹಿಡಿದುಕೊಂಡು ಕೂತಿದ್ದ.

"ನೀರು ಸರಿ ಅಂದಿರಲ್ಲ" ಎಂದಳು ಗ್ಲ್ಯಾಡಿಸ್, ಹಲ್ಲು ಕಚ್ಚಿಕೊಂಡು.

"ನನಗೆ ಕಾಣಲಿಲ್ಲ. ಒಂದು ವರ್ಷದಿಂದ ಸರಿಯಾಗಿ ಕಾಣುವುದಿಲ್ಲ."

ಅವಳು ರಿಕ್ಷಾದ ಹೊರಗೆ ಮುಖ ತಿರುಗಿಸಿದಳು.

ಮುಂದಿನ ವಾರ ಕೈಗೆ ಬ್ಯಾಂಡೇಜ್ ಇದ್ದ ಹಾಗೆಯೇ ಅವಳೇ ಅವನನ್ನು ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿತ್ತು. "ಹೋದದ್ದು ಬರುವುದಿಲ್ಲ" ಎಂದರು ಡಾಕ್ಟರು. "ಬಲಗಣ್ಣಿನಲ್ಲಿ ಉಳಿದದ್ದನ್ನು ಹಿಡಿದಿಡಲು ನೋಡುವ. ನೀವು ಆಗಲೇ ಬರಬೇಕಿತ್ತು."

ಗ್ಲ್ಯಾಡಿಸಳ ಗಾಯ ಮಾಗಿತು, ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಮಲ್ಲಿಗೆ ಕಟ್ಟಿದ ಕೈ. ಈಗ ಅವಳ ಗಿಡದ ಮೊಗ್ಗು ಕಟ್ಟಿಸಲು ಬರ್ತಾಳ ಮನೆಗೆ ಹೋಗುತ್ತದೆ. ಮೊದಲ ದಿನ ಬುಟ್ಟಿ ಕೊಟ್ಟು ಬಂದು ಗ್ಲ್ಯಾಡಿಸ್ ಅಡುಗೆಮನೆಯಲ್ಲಿ ಬಿಕ್ಕುವುದನ್ನು ಆಶ್ಲಿ ಕೇಳಿಸಿಕೊಂಡ.

ಸುತ್ತಿಗೆ ಹಿಡಿದು ಹಿತ್ತಲಿಗೆ ಹೋದ. ಮೊದಲ ಏಟು ತಪ್ಪಿ ನೆಲಕ್ಕೆ ಬಿತ್ತು. ಇನ್ನೊಂದು ಕೈಯಿಂದ ತಡವಿ ಬಾಯ್ಲರ್ ಹುಡುಕಿ, ಆಮೇಲೆ ಹೊಡೆದ. ತಾಮ್ರ ಒಡೆಯಲಿಲ್ಲ, ತಗ್ಗಾಯಿತು. ತೋಳು ಸೋಲುವವರೆಗೂ ಹೊಡೆದ. ಗ್ಲ್ಯಾಡಿಸ್ ಬಂದು ಮೆಟ್ಟಿಲ ಮೇಲೆ ಕೂತಿದ್ದಳು, ತಡೆಯಲಿಲ್ಲ.

"ಮುಗಿಯಿತಾ?" ಎಂದಳು. "ಇಲ್ಲಿ ಬಂದು ಕೂತುಕೊಳ್ಳಿ. ಕಣ್ಣಿಗೆ ಔಷಧಿ ಬಿಡಬೇಕು."

ಅವನು ಅವಳ ಕಾಲ ಬಳಿ ಕೂತು ಮುಖ ಎತ್ತಿದ. ಅವಳ ರೂಢಿಯಿಲ್ಲದ ಎಡಗೈ ಗುರಿ ತಪ್ಪಿ ಒಂದು ಹನಿ ಹಣೆಗೆ ಬಿತ್ತು, ಇನ್ನೊಂದು ಕೆನ್ನೆಗೆ ಇಳಿಯಿತು.

"ಅಳಬೇಡಿ, ಔಷಧಿ ತೊಳೆದು ಹೋಗುತ್ತದೆ" ಎಂದು ಗದರಿ, ಮೊಣಕೈಯಿಂದ ಅವನ ತಲೆಯನ್ನು ಒತ್ತಿ ಹಿಡಿದು, ಅವಳು ಮೂರನೆಯ ಹನಿಯನ್ನು ಕಣ್ಣಿಗೇ ಬಿಟ್ಟಳು.